ದಟ್ಟ ಕಾಡಿನ ಸೊನ್ನೆಗಳು

ಹಕ್ಕಿ ಎಣಿಸುವ ಕಚೇರಿಯಲ್ಲಿ ಅವನಿಗೆ ಹೆಸರಿದ್ದದ್ದು ಸಂಬಳದ ಪಟ್ಟಿಯಲ್ಲಿ ಮಾತ್ರ. ಉಳಿದಂತೆ ಎಲ್ಲರ ಬಾಯಲ್ಲೂ ಕಿವಿಯಣ್ಣ. ಕೂಗು ಕೇಳಿ ಹಕ್ಕಿಯ ಜಾತಿ ಹೇಳುವುದರಲ್ಲಿ ಅವನನ್ನು ಮೀರಿಸುವವರು ಹುಟ್ಟಿರಲಿಲ್ಲ. ಹುಟ್ಟಿದ್ದರೂ ಆ ಸಂಬಳಕ್ಕೆ ಬರುತ್ತಿರಲಿಲ್ಲ.

ಇಪ್ಪತ್ತೆಂಟು ವರ್ಷ ಒಂದೇ ಕೆಲಸ. ಕುರುಚಲು ಕಾಡು, ಎಲೆ ಉದುರುವ ಕಾಡು, ವರ್ಷವಿಡೀ ಹಸಿರಾಗಿರುವ ದಟ್ಟ ಕಾಡು. ಮೂರರಲ್ಲೂ ಗುರುತು ಹಾಕಿದ ಜಾಗಗಳಲ್ಲಿ ಹತ್ತು ಹತ್ತು ನಿಮಿಷ ನಿಂತು, ಕಂಡದ್ದನ್ನೂ ಕೇಳಿದ್ದನ್ನೂ ಬರೆಯಬೇಕು. ಮೊದಲೆರಡರಲ್ಲಿ ಹಕ್ಕಿ ಕಣ್ಣಿಗೆ ಬೀಳುತ್ತದೆ. ದಟ್ಟ ಕಾಡಿನಲ್ಲಿ ತಲೆಯ ಮೇಲೆ ಎಲೆಯದೇ ಚಾವಣಿ. ಅಲ್ಲಿ ಕಿವಿಯೇ ಗತಿ.

ಆರು ವರ್ಷಗಳಿಂದ ದಟ್ಟ ಕಾಡಿನ ಸಣ್ಣ ಹಕ್ಕಿಗಳು ಒಂದೊಂದಾಗಿ ಅವನ ಹಾಳೆಯಿಂದ ಮರೆಯಾದವು. ಸೊನ್ನೆ ಬರೆದ ದಿನ ಊಟ ಸೇರುತ್ತಿರಲಿಲ್ಲ. "ಎಲ್ಲಾ ಸತ್ತೋದ್ವು ಕಣೇ" ಎಂದು ಹೆಂಡತಿಯ ಮುಂದೆ ಕಣ್ಣೀರು ಹಾಕುತ್ತಿದ್ದ. ಅವನ ಎಣಿಕೆಯನ್ನು ನಂಬಿ ಮೇಲಿನವರು ತೀರ್ಮಾನಿಸಿದರು: ಹಕ್ಕಿಯಿರುವ ಎರಡು ಕಾಡು ಉಳಿಯಲಿ, ಹಕ್ಕಿಯಿಲ್ಲದ್ದನ್ನು ಕಡಿಯಬಹುದು.

ಕಡಿಯುವ ಮುಂಚೆ ಒಮ್ಮೆಯಾದರೂ ನೋಡಬೇಕೆಂದು ಕೊನೆಯ ಎಣಿಕೆಗೆ ಹೆಂಡತಿಯೂ ಬಂದಳು.

"ಹಕ್ಕಿನೇ ಇಲ್ಲ ಅಂತಿದ್ರಲ್ರೀ, ಇದೇನು, ಸಂತೆ ಆಗಿದೆ ಇಲ್ಲಿ?"

ತಮಾಷೆ ಮಾಡುತ್ತಿದ್ದಾಳೆಂದುಕೊಂಡ. ಅವಳು ತಗ್ಗಿನ ಕೊಂಬೆಯೊಂದಕ್ಕೆ ಬೆರಳು ತೋರಿಸಿದಳು. ಹೆಬ್ಬೆರಳಿನ ಗಾತ್ರದ ಹಕ್ಕಿ ಕೊಕ್ಕು ತೆರೆದು ಮುಚ್ಚುತ್ತಿತ್ತು, ಗಂಟಲು ಅದುರುತ್ತಿತ್ತು.

"ಈಗ ಕೂಗ್ತಾ ಇದ್ಯಾ ಅದು?"

"ಕಿವಿ ತೂತು ಬೀಳೋ ಹಾಗೆ ಕೂಗ್ತಿದೆ."

ಅವನಿಗೆ ಆ ಕೂಗು ಕೇಳುತ್ತಿರಲಿಲ್ಲ. ಮಾತು, ಬಸ್ಸಿನ ಹಾರನ್, ಗೂಬೆಯ ದನಿ ಎಲ್ಲವೂ ಕೇಳುತ್ತಿದ್ದವು; ವಯಸ್ಸು ಸದ್ದಿಲ್ಲದೆ ಕದ್ದದ್ದು ತೀರ ಕೀರಲು ದನಿಗಳನ್ನು ಮಾತ್ರ. ಹಕ್ಕಿಗಳು ಸತ್ತಿರಲಿಲ್ಲ. ಇವನೇ ಸಾಯಿಸಿದ್ದ, ಪೆನ್ನಿನಿಂದ.

ಮರುದಿನ ತಪ್ಪೊಪ್ಪಿಗೆ ಬರೆದುಕೊಂಡು ಸಾಹೇಬರ ಕೋಣೆಗೆ ಹೋದ. ಅವನ ಅರ್ಧ ವಯಸ್ಸಿನ ಸಾಹೇಬರು ಓದಿ, ಎದ್ದು ಬಾಗಿಲು ಮುಚ್ಚಿದರು.

"ಕಿವಿಯಣ್ಣ, ಇದನ್ನ ತಗೊಂಡ್ರೆ ನಿಮ್ಮ ಆರು ವರ್ಷದ ಎಣಿಕೆ ಪೂರ್ತಿ ರದ್ದು. ಆ ಎರಡು ಕಾಡು ಉಳಿದಿರೋದೂ ಅದರ ಮೇಲೇನೇ. ಕಡಿಯೋರು ಇಂಥದ್ದಕ್ಕೇ ಕಾಯ್ತಾ ಇದ್ದಾರೆ. ಏನ್ಮಾಡಲಿ, ನೀವೇ ಹೇಳಿ."

ಬಾಯಿ ಬಿಟ್ಟರೆ ಮೂರೂ ಹೋದಾವು, ಮುಚ್ಚಿಕೊಂಡರೆ ಒಂದು. ಕೆಟ್ಟ ಮೇಲೆ ಬುದ್ಧಿ ಬಂದರೂ ಅದಕ್ಕೆ ಕೆಲಸವಿರಬೇಕಲ್ಲ. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಗೆ ಬಂದ. ಮನೆಯಲ್ಲಿ ಹೆಂಡತಿ ಮುಖ ನೋಡಿಯೇ ತಿಳಿದುಕೊಂಡಳು.

ಕಡಿತ ಶುರುವಾದ ಬೆಳಗ್ಗೆ ಅವನು ಕಾಡಿನ ಅಂಚಿಗೆ ಹೋಗಿ ನಿಂತ. ಮೊದಲ ದೊಡ್ಡ ಮರ ಉರುಳಿತು. ಎಲೆಯ ಚಾವಣಿ ಹರಿದು ಬಿಸಿಲು ಒಳಗೆ ಬಿತ್ತು. ಆ ಬಿಸಿಲಿಗೆ ಸಣ್ಣ ಹಕ್ಕಿಗಳು ಹಿಂಡುಹಿಂಡಾಗಿ ಎದ್ದು ಬಂದವು, ಕೊಕ್ಕು ತೆರೆದುಕೊಂಡು, ಅವನ ಪಾಲಿಗೆ ಸದ್ದೇ ಇಲ್ಲದೆ. ಅವನು ಎಣಿಸಿದ. ಎಪ್ಪತ್ತರವರೆಗೆ ಎಣಿಸಿದ, ಅಷ್ಟರಲ್ಲಿ ಎರಡನೇ ಮರ ಬಿತ್ತು.