ಕೊಳಕೂರಿನ ಗುರುಬಾಯಿ: ಅರಿವು ಶೂನ್ಯ

ಕೊಳಕೂರಿನ ಗುರುಬಾಯಿಗೆ ಕಾನೂನು ಗೊತ್ತಿಲ್ಲ ಎಂದು ಅಚ್ಚು ಹಾಕಿಸಿದವರು ನಾಲ್ಕು ಜನ ಕಾನೂನು ವಿದ್ಯಾರ್ಥಿಗಳು. ಆ ಮಹಾನುಭಾವರು ಗುಲ್ಬರ್ಗಾದಿಂದ ಬಂದಿಳಿಯುವ ಎರಡು ವರ್ಷ ಮೊದಲೇ ಈಕೆ ಒಬ್ಬಳೇ ಜೇವರ್ಗಿಗೆ ಹೋಗಿ, ತಾನು ಪಾಲಿಗೆ ಮಾಡುವ ನಾಲ್ಕೆಕರೆ ಹೊಲ ತನಗೇ ಸೇರಬೇಕೆಂದು ಅರ್ಜಿ ಕೊಟ್ಟು, ರಸೀದಿ ತಂದು ಟ್ರಂಕಿನಲ್ಲಿ ಇಟ್ಟಿದ್ದಳು. ಉಳುವವರಿಗೇ ಭೂಮಿ ಎಂಬ ಕಾಯ್ದೆ ಬಂದದ್ದು ಅವಳಿಗೆ ಸಂತೆಯಲ್ಲಿ ತಿಳಿದಿತ್ತು. ಗಂಡ ಸತ್ತಾಗ ಅವಳಿಗೆ ಇಪ್ಪತ್ತಾರು. ಅಂದಿನಿಂದ ಹದಿನೆಂಟು ವರ್ಷ ಆ ಹೊಲದಲ್ಲಿ ಜೋಳ ಬಿತ್ತಿದವಳೂ ಕೊಯ್ದವಳೂ ಅವಳೇ. ಅರ್ಧ ರಾಶಿ ಮಾತ್ರ ಹೊಲದ ಧಣಿ ದೌಲತರಾಯರ ವಾಡೆಗೆ ಹೋಗುತ್ತಿತ್ತು.

ವಿದ್ಯಾರ್ಥಿಗಳು ಬಂದದ್ದು 1980ರ ಚಳಿಗಾಲದಲ್ಲಿ. ಆಳಂದ, ಅಫಜಲಪುರ, ಜೇವರ್ಗಿ, ಮೂರು ತಾಲ್ಲೂಕಿನ ಹನ್ನೆರಡು ಹಳ್ಳಿಗಳಲ್ಲಿ ಸಾಮಾಜಿಕ ನ್ಯಾಯ ಎಷ್ಟಿದೆ, ಜನರಿಗೆ ಕಾನೂನಿನ ಅರಿವು ಎಷ್ಟಿದೆ ಎಂದು ಅಳೆಯುವುದು ಅವರ ಘನಕಾರ್ಯ. ಅಳೆಯಲು ಹದಿನೈದು ದಿನ ಸಾಕೆಂದು ಅವರೇ ತೀರ್ಮಾನಿಸಿದ್ದರು. ಸಾಮಾಜಿಕ ನ್ಯಾಯ ಹುಡುಕಿಕೊಂಡು ಹೊರಟವರಿಗೆ ಪ್ರತಿ ಊರಿನಲ್ಲೂ ಮೊದಲು ಕಣ್ಣಿಗೆ ಬಿದ್ದದ್ದು ಊರಿನ ದೊಡ್ಡ ಮನೆ. ಕೊಳಕೂರಿನಲ್ಲಿ ದೌಲತರಾಯರು ತುಪ್ಪ ಸುರಿದು ಹೋಳಿಗೆ ಬಡಿಸಿದರು, ಮಲಗಲು ಸೊಳ್ಳೆಪರದೆ ಕಟ್ಟಿಸಿದರು. ಪ್ರಶ್ನೆ ಕೇಳಲು ಜನ ಬೇಕಲ್ಲ, ಅವರನ್ನೂ ರಾಯರೇ ಆಳು ಕಳಿಸಿ ವಾಡೆಯ ಅಂಗಳಕ್ಕೆ ಕರೆಸಿದರು. ತಾವು ತೂಗುಮಂಚದ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡರು.

ತಂಡದ ಮುಖಂಡ ಅನಂತ, ಗುಲ್ಬರ್ಗಾದ ವಕೀಲರೊಬ್ಬರ ಮಗ. ಅವನು ಗುರುಬಾಯಿಯನ್ನು ಕೇಳಿದ: "ನೀವು ಮಾಡೋ ಹೊಲ ಯಾರದ್ರಿ?"

ಧಣಿಯ ಅಂಗಳದಲ್ಲಿ ನಿಂತು ನನ್ನದು ಎನ್ನುವ ರೂಢಿ ಆ ಊರಿನಲ್ಲಿ ಯಾರಿಗೂ ಇರಲಿಲ್ಲ. ಕಟ್ಟಿದ ಎಮ್ಮೆ, ಹಾಕಿದ ಗುಡಿಸಲು, ಹೆತ್ತ ಮಕ್ಕಳು ಕೂಡ ಅಲ್ಲಿ ರಾಯರವೇ. ಅರ್ಜಿ ಹಾಕಿದ ಗಟ್ಟಿಗಿತ್ತಿ ಗುರುಬಾಯಿಯೂ ಸೆರಗು ತಲೆಗೆಳೆದುಕೊಂಡು, "ಎಲ್ಲಾ ಧಣ್ಯಾರದೇ ಅದರಿ. ನಾ ಅವರ ಮನ್ಯಾಗ ದುಡಕೊಂಡು ತಿಂತೇನಿ" ಎಂದುಬಿಟ್ಟಳು. ರಾಯರ ಮೀಸೆ ಅಲುಗಿತು. ಅನಂತ ಗಂಭೀರವಾಗಿ ಬರೆದುಕೊಂಡ.

ರಾತ್ರಿಯೆಲ್ಲ ತನ್ನನ್ನು ತಾನೇ ಬೈದುಕೊಂಡ ಗುರುಬಾಯಿ ಬೆಳಗಾಗುತ್ತಲೇ ಅನಂತನನ್ನು ಹೊಲಕ್ಕೆ ಕರೆದೊಯ್ದಳು. ಬದು ತೋರಿಸಿದಳು, ರಸೀದಿ ಬಿಚ್ಚಿ ಕೈಗಿಟ್ಟಳು. "ನಿನ್ನೆ ಅಂದಿದ್ದು ಬಿಡು ತಮ್ಮಾ. ಹದಿನೆಂಟು ವರ್ಷ ಆತು, ನಾನೇ ಪಾಲಿಗೆ ಮಾಡಾಕತ್ತೇನಿ. ಇದನ್ನ ಬರಕೋ."

ಅವನು ರಸೀದಿಯನ್ನು ಎರಡು ಸಲ ಓದಿದ. "ಹೌದ್ರಿ, ತಿಳೀತು. ಆದ್ರ ನಿಮ್ಮ ಹಾಳಿ ತುಂಬಿ ಆಗೇದ. ಒಮ್ಮಿ ತುಂಬಿದ್ದು ತಿದ್ದಬಾರದಂತ ನಮ್ಮ ಪ್ರೊಫೆಸರ್ ಹೇಳ್ಯಾರ" ಎಂದು ವಾಡೆಯ ಉಪ್ಪಿಟ್ಟು ಆರಿಹೋದೀತೆಂದು ಬಿರಬಿರನೆ ನಡೆದ. ಪ್ರೊಫೆಸರರ ಮಾತು ಮೀರದ ವಿಧೇಯ ಶಿಷ್ಯ!

ವರದಿ ಪುಸ್ತಕವಾಯಿತು, ಕಾಲೇಜಿಗೆ ಬಹುಮಾನವೂ ಬಂತು. ಉಪಕಾರ ಮರೆಯದ ಹುಡುಗರು ರಾಯರಿಗೆ ಒಂದು ಪ್ರತಿ ಕಳಿಸಿದರು. ಮರುವರ್ಷ ಭೂನ್ಯಾಯ ಮಂಡಳಿಯಲ್ಲಿ ಗುರುಬಾಯಿಯ ಅರ್ಜಿ ವಿಚಾರಣೆಗೆ ಬಂದಾಗ ರಾಯರು ಅದೇ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಅದರ ಕೊನೆಯ ಪುಟಗಳ ಪಟ್ಟಿಯಲ್ಲಿ ಅವಳ ಹೆಸರಿತ್ತು: ಕೂಲಿ. ಪಾಲಿನ ಜಮೀನು ಇಲ್ಲ. ಕಾನೂನಿನ ಅರಿವು ಶೂನ್ಯ.

ಗುರುಬಾಯಿ ಹೆದರಲಿಲ್ಲ. "ಬರದಾವನ್ನ ಕರಸ್ರಿ ಸಾಹೇಬರ. ಅಂವಗ ಹೊಲ ತೋರಿಸೇನಿ, ರಸೀದಿ ತೋರಿಸೇನಿ" ಎಂದಳು. ಮಂಡಳಿಯ ಅಧಿಕಾರಿ ಒಪ್ಪಿ ಮುಂದಿನ ತಾರೀಖಿಗೆ ಅನಂತನನ್ನು ಕರೆಸಿದರು. ಆ ಒಂದು ಮಾತಿಗಾಗಿ ಗುರುಬಾಯಿ ಇಪ್ಪತ್ತು ದಿನ ಕಾದಳು.

ಅನಂತ ಹೊಸ ಕರಿಕೋಟು ತೊಟ್ಟು ಬಂದ. ಬಾಗಿಲಲ್ಲೇ ದೌಲತರಾಯರು ಅವನ ಹೆಗಲ ಮೇಲೆ ಕೈಯಿಟ್ಟರು. "ಊಟ ಆತೇನಪಾ? ನಿಮ್ಮ ತಂದಿ ಆರಾಮದಾರಿಲ್ಲೋ?" ಅಷ್ಟೇ. ಬೆದರಿಕೆ ಇಲ್ಲ, ಆಮಿಷ ಇಲ್ಲ. ಒಳಗೆ ರಾಯರ ಪಕ್ಕದ ಕುರ್ಚಿಯೇ ಅವನಿಗೆ ಸಿಕ್ಕಿತು. ಗುರುಬಾಯಿ ಗೋಡೆಗೆ ಒರಗಿ ನಿಂತಿದ್ದಳು.

"ಈಕೆ ನಿಮಗೆ ಹೊಲ, ರಸೀದಿ ತೋರಿಸಿದ್ದು ನಿಜವೇ?" ಅಧಿಕಾರಿ ಕೇಳಿದರು.

ಅನಂತ ಪಕ್ಕಕ್ಕೆ ನೋಡಿದ. ರಾಯರು ಅವನನ್ನೇ ನೋಡಿ ಪ್ರೀತಿಯಿಂದ ನಗುತ್ತಿದ್ದರು.

"ನೆನಪಿಲ್ಲ, ಸರ್."

ಅಷ್ಟು ಓದಿದ ಹುಡುಗನ ಬಾಯಿಂದ ಬಂದದ್ದು ಎರಡೇ ಮಾತು. ಅರ್ಜಿ ವಜಾ ಆಯಿತು.

ಹೊರಗೆ ಬೇವಿನ ನೆರಳಿನಲ್ಲಿ ಅನಂತ ಅವಳ ಹತ್ತಿರ ಬಂದ. ನಾಚಿಕೆ ಇತ್ತೋ ಏನೋ, ದನಿ ಮಾತ್ರ ತಗ್ಗಿತ್ತು. "ಆಯಿ, ಹೈಕೋರ್ಟಿಗೆ ಹೋಗಬಹುದ್ರಿ. ಅದು ನಿಮ್ಮ ಹಕ್ಕು."

ಗುರುಬಾಯಿ ಅವನ ಕೋಟನ್ನು ಮೇಲಿಂದ ಕೆಳಗೆ ನೋಡಿದಳು.

"ಹಕ್ಕು ನನಗ ನಿನಕಿಂತ ಮೊದ್ಲೇ ಗೊತ್ತಿತ್ತು ತಮ್ಮಾ. ವಾಡೇದಾಗ ನಾ ಸುಳ್ಳು ಹೇಳಿದ್ದು ನಾಳಿನ ರೊಟ್ಟಿಗಂಜಿ. ನಿನಗ ರೊಟ್ಟಿ ಅದ, ನಿಮ್ಮಪ್ಪಂದು ಮನಿ ಅದ. ನೀ ಎದಕ್ಕಂಜಿದಿ?"

ಉತ್ತರಕ್ಕೆ ಕಾಯುವಷ್ಟು ಮರ್ಯಾದೆಯನ್ನೂ ಅವನಿಗೆ ಕೊಡದೆ ಗುರುಬಾಯಿ ನೆಲೋಗಿಯ ಬಸ್ಸು ಹತ್ತಿದಳು. ರಾಯರ ಊರಿಗೆ ಮರಳದೆ ಅಲ್ಲಿ ತಂಗಿಯ ಮನೆಯಲ್ಲಿ ಉಳಿದು, ಮರುದಿನ ಬೆಳಗ್ಗೆ ಪರರ ಹೊಲಕ್ಕೆ ಕೂಲಿಗೆ ಹೋದಳು.