ಒಂದೇ ಪೈಪಿನೊಳಗಿನ ಎರಡು ದಾರಿ

ದೆವ್ವ, ಅಶರೀರವಾಣಿ, ಮುನ್ಸೂಚನೆ ಎಂಬ ಮಾತು ಬಂದಾಗಲೆಲ್ಲ ನಕ್ಕವಳು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ, ಪೀಣ್ಯದ ನಮ್ಮ ಕಂಪನಿಯ ಕಟ್ಟಡದಲ್ಲಿ ಒಂದು ಭಾನುವಾರ ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನೀವೇ ಹೇಳಿ.

ನಾನು ನೆಟ್‌ವರ್ಕ್ ಎಂಜಿನಿಯರ್. ಹಲವು ಕಡೆ ಶಾಖೆಗಳಿರುವ ಸಂಸ್ಥೆಗಳಿಗೆ, ಎಂಪಿಎಲ್‌ಎಸ್ ಎಂಬ ನಮ್ಮ ಕಂಪನಿಯ ದೊಡ್ಡ ಜಾಲದೊಳಗೆ ಸುರಂಗ ಕೊರೆದಂತೆ, ವಿಎಲ್ಯಾನ್ ಎಂಬ ಅವರದೇ ಖಾಸಗಿ ದಾರಿ ಹಾಯಿಸಿಕೊಡುವುದು ನನ್ನ ಕೆಲಸ. ನಾಗಸಂದ್ರದ ಒಂದು ಸಣ್ಣ ಆಸ್ಪತ್ರೆಯನ್ನು ಬೆಳ್ಳಂದೂರಿನ ಅದರ ಮುಖ್ಯ ಆಸ್ಪತ್ರೆಗೆ ಜೋಡಿಸುವ ಸಂಪರ್ಕವನ್ನು ಅಂದು ಹಳೆಯ ಲೈನಿನಿಂದ ಹೊಸ ಜೋಡಿ ಸ್ವಿಚ್‌ಗಳಿಗೆ ಬದಲಾಯಿಸಬೇಕಿತ್ತು. ಒಂದು ಸ್ವಿಚ್ ಕೆಟ್ಟರೆ ಇನ್ನೊಂದು ತಕ್ಷಣ ಕೆಲಸ ವಹಿಸಿಕೊಳ್ಳಬೇಕು. ಎರಡರ ಕೇಬಲ್‌ಗಳೂ ಬೇರೆ ಬೇರೆ ದಾರಿಯಲ್ಲಿ ಹೋಗುತ್ತವೆಂದು ನಕ್ಷೆಯಲ್ಲಿತ್ತು. ಸಂಪರ್ಕವನ್ನು ಹೊಸ ಸ್ವಿಚ್‌ಗಳಿಗೆ ಹಾಯಿಸಿ, ಒಂದೊಂದನ್ನೇ ಆಫ್ ಮಾಡಿ ನೋಡಿದೆ. ಸಂಪರ್ಕ ಕಡಿಯಲಿಲ್ಲ. ಖುಷಿಯಾಗಿ, ಹಳೆಯ ಲೈನ್ ತೆಗೆಯಲು ಕಮಾಂಡ್ ಟೈಪ್ ಮಾಡಿದೆ. ಎಂಟರ್ ಒತ್ತುವುದೊಂದೇ ಬಾಕಿ.

"ಅದನ್ನ ಈಗ್ಲೇ ತೆಗೀಬೇಡಿ ಮೇಡಂ," ಎಂದಿತು ಸ್ವಿಚ್ ಕೋಣೆಯ ಬಾಗಿಲ ಕಡೆಯಿಂದ ಒಂದು ಗಂಡಸಿನ ದನಿ. "ಬೋರ್‌ವೆಲ್ ಶೆಡ್ ಹಿಂದೆ ಎರಡೂ ಒಂದೇ ಪೈಪಲ್ಲಿ ಹೋಗ್ತವೆ."

ಕಟ್ಟಡದ ಕೆಲಸದವರು ಯಾರೋ ಎಂದುಕೊಂಡು, "ಸರಿ ಅಣ್ಣ, ನೋಡ್ತೀನಿ" ಎಂದೆ. ತಿರುಗುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಗೇಟಿನಲ್ಲಿದ್ದ ಸೆಕ್ಯೂರಿಟಿ ತಿಮ್ಮಣ್ಣನನ್ನು ಕೇಳಿದೆ. "ಭಾನ್ವಾರ ಯಾರ್ ಬತ್ತಾರೆ ಮೇಡಂ? ಬೆಳಿಗ್ಗೆಯಿಂದ ಬೀಗ ಆಕಿವ್ನಿ. ಒಳಗಿರೋದು ನೀವೊಬ್ರೇ," ಎಂದ.

ಅವನನ್ನೇ ಕರೆದುಕೊಂಡು ಶೆಡ್ಡಿನ ಹಿಂದೆ ಹೋದೆ. ಇಬ್ಬರೂ ಸೇರಿ ಕಲ್ಲುಚಪ್ಪಡಿ ಸರಿಸಿದೆವು. ಹೊಸ ಸ್ವಿಚ್‌ಗಳ ಎರಡು ಕೇಬಲ್‌ಗಳೂ ಅಕ್ಕಪಕ್ಕದಲ್ಲೇ ಒಂದು ಪೈಪಿನೊಳಗೆ ಇಳಿದಿದ್ದವು.

ಸಂಪರ್ಕವನ್ನು ಹಳೆಯ ಲೈನಿಗೇ ತಿರುಗಿಸಿದೆ. "ಟೆಸ್ಟ್ ಎಲ್ಲಾ ಪಾಸ್ ಆಗಿದೆ ಅಂತೀರಾ, ಮತ್ಯಾಕ್ರೀ ನಿಲ್ಲಿಸಿದ್ರಿ?" ಎಂದು ಮ್ಯಾನೇಜರ್ ರೇಗಿದರು. ಪೈಪಿನ ಫೋಟೊ ಕಳಿಸಿದ ಮೇಲೆ ಒಪ್ಪಿಕೊಂಡರು.

ಗುರುವಾರ ಬೆಳಿಗ್ಗೆ ಚರಂಡಿ ತೋಡುತ್ತಿದ್ದ ಜೆಸಿಬಿ ಆ ಪೈಪನ್ನೇ ಕಿತ್ತುಹಾಕಿತು. ಹೊಸ ಸ್ವಿಚ್‌ಗಳೆರಡೂ ಒಟ್ಟಿಗೇ ಸಂಪರ್ಕ ಕಳೆದುಕೊಂಡವು. ಅದೇ ಹೊತ್ತಿನಲ್ಲಿ ನಾಗಸಂದ್ರದಲ್ಲಿ ಉಸಿರಿಗೆ ಒದ್ದಾಡುತ್ತಿದ್ದ ಹಸುಗೂಸೊಂದನ್ನು ಬೆಳ್ಳಂದೂರಿನ ವೈದ್ಯರು ಪರದೆಯಲ್ಲಿ ನೋಡುತ್ತಾ, ಚಿಕಿತ್ಸೆ ಹೇಳಿಕೊಡುತ್ತಿದ್ದರಂತೆ. ಬೇರೆ ಕಡೆಯಿಂದ ಹೋಗಿದ್ದ ಹಳೆಯ ಲೈನ್ ಕೈಕೊಡಲಿಲ್ಲ. ಮಗು ಉಳಿಯಿತು. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವರು ಫೋನಿನಲ್ಲಿ ಇದನ್ನು ಹೇಳಿದಾಗ ಅತ್ತುಬಿಟ್ಟೆ.

ಆಮೇಲೆ ಅಂದು ಎಚ್ಚರಿಸಿದ ಆ ಮನುಷ್ಯನ ಬಗ್ಗೆ ತುಂಬ ವಿಚಾರಿಸಿದೆ. ಕೇಬಲ್ ಹಾಕಿದ ಗುತ್ತಿಗೆದಾರರಿಗೂ ಅಂಥವರು ಯಾರೂ ನೆನಪಿರಲಿಲ್ಲ. ಹಿಂದಿನ ಕಾಂಪೌಂಡ್ ಹಾರಿ ಯಾರಾದರೂ ಬಂದಿರಬಹುದು, ಇಲ್ಲವೆನ್ನಲಾರೆ. ಆದರೆ ನಾನು ಆ ಕ್ಷಣ ಯಾವ ಲೈನ್ ತೆಗೆಯಲು ಹೊರಟಿದ್ದೆನೆಂಬುದು ಅವನಿಗೆ ಹೇಗೆ ತಿಳಿಯಿತು?

ಈಗ ನಕ್ಷೆಯೊಂದನ್ನೇ ನೆಚ್ಚಿ ಕೆಲಸ ಮಾಡುವುದಿಲ್ಲ. ಕೇಬಲ್ ಹೋದ ದಾರಿಯುದ್ದಕ್ಕೂ ನಡೆದು ನೋಡುತ್ತೇನೆ. ಬಿಸಿಲಲ್ಲಿ ಯಾಕೆ ಒದ್ದಾಡ್ತೀರಿ ಎಂದು ಜೊತೆಯವರು ನಗುತ್ತಾರೆ. ನಡೆಯುತ್ತಾ ಮನಸ್ಸಿನಲ್ಲೇ "ಥ್ಯಾಂಕ್ಸ್ ಅಣ್ಣ" ಎನ್ನುತ್ತೇನೆ. ಯಾರಿಗೆ ಹೇಳುತ್ತಿದ್ದೇನೆಂದು ಮಾತ್ರ ಇವತ್ತಿಗೂ ಗೊತ್ತಿಲ್ಲ.