ಕೇಬಲ್ ಕಿತ್ತರೂ ಕೂಗಬೇಕಾದ ಸೈರನ್

ಕೋವಿಡ್ ಮುಗಿದು ಆಫೀಸುಗಳು ಮತ್ತೆ ತೆರೆದ ವರ್ಷ ನಾನು ಸಾಂಟಾ ಕ್ಲಾರಾದ ಸಣ್ಣ ಕಂಪನಿಯೊಂದರಲ್ಲಿ ಸಿಸ್ಟಮ್ಸ್ ಆರ್ಕಿಟೆಕ್ಟ್ ಆಗಿದ್ದೆ. ಸ್ಯಾನ್ ರಮೋನ್ ಆಚೆಯ ಗುಡ್ಡದ ಮೇಲಿನ ವೃದ್ಧಾಶ್ರಮವೊಂದಕ್ಕೆ ಕಾಳ್ಗಿಚ್ಚಿನ ಮುನ್ನೆಚ್ಚರಿಕೆ ವ್ಯವಸ್ಥೆ ಮಾಡಿಕೊಡುವ ಕೆಲಸ ಬಂತು. ಒಣಹುಲ್ಲಿನ ಇಳಿಜಾರಿನಲ್ಲಿ ಹೊಗೆ ಗುರುತಿಸುವ ಸೆನ್ಸರ್‌ಗಳು, ಕಟ್ಟಡದ ಮೇಲೆ ಸೈರನ್, ಎರಡೂ ಬ್ಯಾಟರಿಯವು. ಇವೆರಡರ ನಡುವೆ ಸಂದೇಶ ಸಾಗಿಸುವ ಸಾಫ್ಟ್‌ವೇರ್ ಯಾವುದಿರಬೇಕೆಂದು ನಾನು ತೀರ್ಮಾನಿಸಬೇಕಿತ್ತು.

ಇಂಥ ಸಾಫ್ಟ್‌ವೇರಿಗೆ ಬ್ರೋಕರ್ ಎನ್ನುತ್ತೇವೆ. ಅಂಚೆ ಕಚೇರಿಯಂತೆ ಒಬ್ಬರಿಂದ ಪಡೆದು ಬೇಕಾದವರಿಗೆ ತಲುಪಿಸುವುದು ಅದರ ಕೆಲಸ. ನಾವು ಆಗಲೇ ಬಳಸುತ್ತಿದ್ದದ್ದು ಕ್ಲೌಡಿನಲ್ಲಿ, ಅಂದರೆ ದೂರದ ಡೇಟಾ ಸೆಂಟರಿನಲ್ಲಿತ್ತು. ಇನ್ನೊಂದು ಹಗುರವಾದದ್ದು, ವೃದ್ಧಾಶ್ರಮದಲ್ಲೇ, ಬ್ಯಾಟರಿ ಜೋಡಿಸಿದ ಪುಟ್ಟ ಕಂಪ್ಯೂಟರಿನಲ್ಲಿ ಓಡಬಲ್ಲದು. ಇದನ್ನೇ ಎಡ್ಜ್ ಕಂಪ್ಯೂಟಿಂಗ್ ಎನ್ನುವುದು. ನನ್ನ ಮ್ಯಾನೇಜರ್, ಮಂಗಳೂರಿನ ಶೆಣೈ, ಮೊದಲನೆಯದರ ಪರ. ಕಂಡಕಂಡಲ್ಲಿ ಒಂದೊಂದು ಡಬ್ಬ ಇಟ್ಟರೆ ಅಪ್‌ಡೇಟು ಮಾಡುವವರು ಯಾರು ಎಂಬ ಅವರ ಪ್ರಶ್ನೆಯಲ್ಲಿ ಹುರುಳಿತ್ತು. ಆದರೂ ನನಗೆ ಸಮಾಧಾನವಿರಲಿಲ್ಲ. ಕಾಳ್ಗಿಚ್ಚು ಬಂದಾಗ ಮೊದಲು ಹೋಗುವುದೇ ಕರೆಂಟು, ನೆಟ್‌ವರ್ಕು.

ಲ್ಯಾಬಿನಲ್ಲಿ ಸೆನ್ಸರ್, ಸೈರನ್ ಎರಡನ್ನೂ ಕ್ಲೌಡಿನ ಬ್ರೋಕರಿಗೆ ಜೋಡಿಸಿ, ಅವರೆದುರಿಗೇ ಇಂಟರ್ನೆಟ್ ಕೇಬಲ್ ಕಿತ್ತು, ಸೆನ್ಸರಿನ ಕೆಳಗೆ ಊದುಬತ್ತಿ ಹಚ್ಚಿದೆ. ಸೈರನ್ ಸುಮ್ಮನಿತ್ತು. ಕೇಬಲ್ ಮತ್ತೆ ಸಿಕ್ಕಿಸಿದ ಮೇಲೆ ಕೂಗಿತು.

“ಎಲ್ಲ ಸುಟ್ಟಾದ ಮೇಲೆ ಕೂಗಿದ್ರೆ ಎಂತ ಪ್ರಯೋಜನ ಮಾರಾಯ್ರೆ?” ಎಂದರು ಶೆಣೈ. “ನಿಮ್ಮದೇ ಹಾಕಿ. ಅಪ್‌ಡೇಟು ನಾನು ನೋಡಿಕೊಳ್ತೇನೆ.”

ಮರುವರ್ಷ ಬೇಸಿಗೆಯ ಕೊನೆಯಲ್ಲಿ, ಒಂದು ಮಧ್ಯಾಹ್ನ, ಆ ಗುಡ್ಡಕ್ಕೆ ಬೆಂಕಿ ಬಿತ್ತು. ನಾವು ಹಾಕಿಕೊಟ್ಟ ವ್ಯವಸ್ಥೆಗಳ ಸ್ಥಿತಿ ತೋರಿಸುವ ನನ್ನ ಪರದೆಯಲ್ಲಿ ವೃದ್ಧಾಶ್ರಮದ ಹೆಸರು ಬೂದುಬಣ್ಣಕ್ಕೆ ತಿರುಗಿತು. ಸಂಪರ್ಕ ಕಡಿದಿತ್ತು. ಸೈರನ್ ಕೂಗಿತೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಫೋನ್ ಹೋಗುತ್ತಿರಲಿಲ್ಲ. ಕಾರು ಹತ್ತಿ ಹೊರಟೆ; 680 ಫ್ರೀವೇಯಿಂದ ಇಳಿದ ಕೂಡಲೇ ಪೊಲೀಸರು ರಸ್ತೆ ಮುಚ್ಚಿದ್ದರು. ಬದಿಗೆ ನಿಂತು ಹೊಗೆ ನೋಡುತ್ತಾ, ಯಾವ ಸೆಟ್ಟಿಂಗು ತಪ್ಪಿರಬಹುದೆಂದು ಒಂದೊಂದನ್ನೇ ನೆನೆದೆ. ಕಾರಿನಲ್ಲಿ ಕೂರಲಾಗಲಿಲ್ಲ, ಹೊರಗೆ ನಿಲ್ಲಲೂ ಆಗಲಿಲ್ಲ.

ಸಂಜೆ ವೃದ್ಧಾಶ್ರಮದ ಮೇಲ್ವಿಚಾರಕಿ ತೆರೆಸಾ, ಪರಿಹಾರ ಶಿಬಿರವಾಗಿದ್ದ ಶಾಲೆಯೊಂದರ ಜಿಮ್ಮಿನಿಂದ ಫೋನ್ ಮಾಡಿದರು. ಕರೆಂಟು, ನೆಟ್‌ವರ್ಕು ಹೋಗಿದ್ದರೂ ಸೈರನ್ ಕೂಗಿತಂತೆ. ಬೆಂಕಿ ಹತ್ತಿರ ಬರುವ ಮೊದಲೇ, ವ್ಹೀಲ್‌ಚೇರಿನವರೂ ಸೇರಿ, ಎಲ್ಲರನ್ನೂ ವ್ಯಾನು ಹತ್ತಿಸಿದ್ದರು. ಆಮೇಲೆ ಕಟ್ಟಡದ ಒಂದು ಭಾಗ ಸುಟ್ಟುಹೋಯಿತು. ನಮ್ಮ ಡಬ್ಬ ಇದ್ದದ್ದು ಅಲ್ಲೇ. ಹಾಗಾಗಿ ಅದು ಆ ದಿನ ದಾಟಿಸಿದ ಒಂದು ಸಂದೇಶವೂ ನನ್ನ ಪರದೆಗೆ ಬರಲೇ ಇಲ್ಲ.

ಕಾಪಾಡುವ ಸುದ್ದಿ ಅದನ್ನು ಕಟ್ಟಿದವರಿಗೆ ತಲುಪಬೇಕಾಗಿಲ್ಲ, ಕೇಳಬೇಕಾದವರ ಕಿವಿಗೆ ಬಿದ್ದರೆ ಸಾಕು. ಹೊಸದಾಗಿ ಸೇರುವ ಇಂಜಿನಿಯರುಗಳಿಗೆ ಇದನ್ನು ತಪ್ಪದೆ ಹೇಳುತ್ತೇನೆ. ಹೇಳುವಾಗಲೂ ನನ್ನ ಕಣ್ಣು ಪರದೆಯ ಮೇಲೇ ಇರುತ್ತದೆ.